ಕದಲದ ವಿಳಾಸ

ಒಂದೇ ಚಿತ್ರವನ್ನು ಲಕ್ಷಾಂತರ ಜನ ಒಟ್ಟಿಗೆ ಕೇಳಿದರೆ ಮೂಲ ಸರ್ವರ್ ಏದುಸಿರು ಬಿಡುತ್ತದೆ. ಪ್ರತಿಗಳನ್ನು ಹಲವು ಕ್ಯಾಶ್ ಸರ್ವರ್‌ಗಳಿಗೆ ಹಂಚಬಹುದು. ಆದರೆ ಯಾವುದು ಎಲ್ಲಿದೆ ಎಂದು ಹುಡುಕುವುದು ಹೇಗೆ? ಫೈಲಿನ ಹೆಸರನ್ನು ಸಂಖ್ಯೆಯಾಗಿಸಿ, ಸರ್ವರ್‌ಗಳ ಲೆಕ್ಕದಿಂದ ಭಾಗಿಸಿ, ಶೇಷ ತೋರಿಸುವ ಸರ್ವರ್‌ನಲ್ಲಿ ನೋಡುವುದು ಹಳೆಯ ದಾರಿ. ಹತ್ತರಲ್ಲಿ ಒಂದು ಸರ್ವರ್ ಕೆಟ್ಟರೂ ಭಾಜಕ ಬದಲಾಗಿ ಬಹುಪಾಲು ಫೈಲುಗಳ ವಿಳಾಸ ಬದಲು! 1997ರಲ್ಲಿ ಎಂಐಟಿಯ ಡೇವಿಡ್ ಕಾರ್ಗರ್, ಟಾಮ್ ಲೇಟನ್, ಡ್ಯಾನಿ ಲೂಯಿನ್ ಮತ್ತು ಸಂಗಡಿಗರು ಮಂಡಿಸಿದ ಕನ್ಸಿಸ್ಟೆಂಟ್ ಹ್ಯಾಶಿಂಗ್ ಇದಕ್ಕೆ ಮದ್ದು. ಸರ್ವರ್, ಫೈಲು ಎರಡಕ್ಕೂ ಒಂದೇ ವೃತ್ತದ ಮೇಲೆ ಜಾಗ. ಪ್ರತಿ ಫೈಲೂ ತನ್ನ ಮುಂದೆ ಸಿಗುವ ಮೊದಲ ಸರ್ವರ್‌ಗೆ ಸೇರುತ್ತದೆ. ಒಂದು ಕೆಟ್ಟರೆ ಅದರ ಪಾಲಿನವಷ್ಟೇ ಮುಂದಿನದಕ್ಕೆ ಹೋಗುತ್ತವೆ, ಉಳಿದವು ಕದಲುವುದಿಲ್ಲ. ಲೇಟನ್, ಲೂಯಿನ್ 1998ರಲ್ಲಿ ಹೀಗೆ ಪ್ರತಿಗಳನ್ನು ಹಂಚುವ ಅಕಮೈ ಕಂಪನಿ ಕಟ್ಟಿದ್ದು ಇಂಥ ಗಣಿತವನ್ನೇ ನಂಬಿ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಕೆಲಸ ಮಾಡುವ ಉಪಾಯ ಅಪರೂಪ.