ಸಮೋಚ್ಚಾರಣ ಶಬ್ದಗಳು: ಬ್ರಿಜಸ್ ಮಹಾಶಯರ ಮತದ ವಿಮರ್ಶೆ

ಒಂದೇ ರೂಪದ ಶಬ್ದವು ಹಲವು ಅರ್ಥಗಳನ್ನು ಕೊಡುವುದು ಭಾಷೆಗೆ ದೋಷವೋ ಗುಣವೋ ಎಂಬ ಪ್ರಶ್ನೆಯು ಭಾರತೀಯ ಶಾಸ್ತ್ರಕಾರರಿಗೆ ಹೊಸದಲ್ಲ. ಅದೇ ಪ್ರಶ್ನೆಯನ್ನು ಇಂಗ್ಲೆಂಡಿನ ಆಸ್ಥಾನಕವಿಗಳಾಗಿದ್ದ ರಾಬರ್ಟ್ ಬ್ರಿಜಸ್ ಮಹಾಶಯರು ತಮ್ಮ ಭಾಷೆಯ ವಿಷಯದಲ್ಲಿ ಎತ್ತಿದರು. ಶುದ್ಧ ಇಂಗ್ಲಿಷಿನ ಸಂಘವು 1919ರಲ್ಲಿ ಪ್ರಕಟಿಸಿದ ಎರಡನೆಯ ಕಿರುಹೊತ್ತಗೆಯು ಇಂಗ್ಲಿಷಿನ ಸಮೋಚ್ಚಾರಣ ಶಬ್ದಗಳನ್ನು ಕುರಿತು ಅವರು ಬರೆದ ಪ್ರಬಂಧವೇ ಆಗಿದೆ. ಸಣ್ಣದಾದರೂ ಅದು ಖಚಿತವಾದ ವಾದವುಳ್ಳ ಗ್ರಂಥ; ಆದುದರಿಂದಲೇ ಪರೀಕ್ಷೆಗೆ ಅರ್ಹವಾದುದು.

ಪೂರ್ವಪಕ್ಷವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಸಮೋಚ್ಚಾರಣ ಶಬ್ದಗಳು ಭಾಷೆಗೆ ತೊಡಕು. ಇಂಗ್ಲಿಷಿನಲ್ಲಿ ಅವು ಮಿತಿಮೀರಿ ಹೆಚ್ಚಿವೆ. ಅವು ಒಂದನ್ನೊಂದು ತಿಂದುಹಾಕಿ ಬಳಕೆಯಿಂದ ಜಾರುತ್ತವೆ. ಹೀಗೆ ಶಬ್ದಸಂಪತ್ತು ಬಡವಾಗುತ್ತದೆ. ದಕ್ಷಿಣ ಇಂಗ್ಲೆಂಡಿನ ಉಚ್ಚಾರಣೆಯು ಇಂತಹ ಶಬ್ದಗಳನ್ನು ಹೊಸದಾಗಿ ಹುಟ್ಟಿಸುತ್ತಿದೆ. ಧ್ವನಿಶಾಸ್ತ್ರಜ್ಞರು ಅದನ್ನೇ ಮಾದರಿಯೆಂದು ಹರಡುತ್ತಿದ್ದಾರೆ. ಈ ಕಡೆಯ ಆಕ್ಷೇಪಕ್ಕೆ ಮುಖ್ಯವಾಗಿ ಗುರಿಯಾದವರು 1917ರಲ್ಲಿ ಉಚ್ಚಾರಣಕೋಶವನ್ನು ಹೊರತಂದ ಡೇನಿಯಲ್ ಜೋನ್ಸ್.

ಮೊದಲು ಲಕ್ಷಣವನ್ನು ನೋಡತಕ್ಕುದು. ಮೂಲದಲ್ಲಿ ಬೇರೆಯಾಗಿದ್ದು ಉಚ್ಚಾರಣೆಯಲ್ಲಿ ಒಂದಾದವೇ ನಿಜವಾದ ಸಮೋಚ್ಚಾರಣಗಳೆಂದು ಬ್ರಿಜಸರ ಎಣಿಕೆ. ಭಾಷಾಚರಿತ್ರೆಗೆ ಈ ಲಕ್ಷಣವು ಸರಿಯಾಗಿದೆ. ಆದರೆ ಮಾತನಾಡುವವನ ತೊಡಕನ್ನು ಅಳೆಯಲು ಇದು ಸಾಲದು. ಕಿವಿಗೂ ಧಾನ್ಯದ ತೆನೆಗೂ ಇಂಗ್ಲಿಷಿನಲ್ಲಿ ‘ಇಯರ್’ ಎಂದೇ ಹೆಸರು. ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ಬೇರೆ ಶಬ್ದಗಳು. ಆದರೂ ಗಿಡದ ಪಕ್ಕದಿಂದ ಚಾಚಿದ ತೆನೆಯನ್ನು ಕಿವಿಗೆ ಹೋಲಿಸಿ ಹೇಳಿದರೆಂದು ಜನರು ಭಾವಿಸಿದರೆ ಆಶ್ಚರ್ಯವಿಲ್ಲ. ಇದಕ್ಕೆ ವಿಪರೀತವಾಗಿ ಹೂವಿನ ‘ಫ್ಲವರ್’ ಮತ್ತು ಹಿಟ್ಟಿನ ‘ಫ್ಲವರ್’ ಮೂಲದಲ್ಲಿ ಒಂದೇ ಶಬ್ದ. ಧಾನ್ಯದ ಸಾರವೇ ಅದರ ಹೂವು ಎಂಬ ಭಾವದಿಂದ ಎರಡನೆಯ ಅರ್ಥವು ಬಂದಿತು. ಈಗ ಬರೆವಣಿಗೆಯೂ ಬೇರೆಯಾಗಿ, ಓದುವವರಿಗೆ ಅವು ಎರಡು ಶಬ್ದಗಳೇ ಆಗಿವೆ. ಶಿಷ್ಯನೆಂದೂ ಕಣ್ಣಿನ ಪಾಪೆಯೆಂದೂ ಅರ್ಥವಿರುವ ‘ಪ್ಯೂಪಿಲ್’ ಎಂಬುದರ ಎರಡು ಅರ್ಥಗಳೂ ಮಗುವೆಂಬ ಅರ್ಥದ ಲ್ಯಾಟಿನ್ ಮೂಲದಿಂದಲೇ ಬಂದವು. ಕಣ್ಣಿನಲ್ಲಿ ಕಾಣುವ ಪುಟ್ಟ ಪ್ರತಿಬಿಂಬವನ್ನು ಲ್ಯಾಟಿನ್ನರು ಗೊಂಬೆಯೆಂದರು, ಕನ್ನಡಿಗರು ಪಾಪೆಯೆಂದರು. ಹೀಗಿರಲು ವ್ಯುತ್ಪತ್ತಿಯೊಂದರಿಂದಲೇ ಶಬ್ದಗಳ ಏಕತ್ವವನ್ನಾಗಲಿ ಅನೇಕತ್ವವನ್ನಾಗಲಿ ನಿರ್ಣಯಿಸಲಾಗದು. ಅರ್ಥವು ಬೇರೆಯಾದರೆ ಶಬ್ದವೂ ಬೇರೆಯೆಂದು ಉದ್ಭಟನ ಪಕ್ಷದವರು ಹೇಳಿದುದು ಕೇಳುವವನ ಬುದ್ಧಿಯನ್ನು ಅನುಸರಿಸಿದ ಮಾತು. ತೊಡಕಿನ ವಿಚಾರದಲ್ಲಿ ಅದೇ ಉಪಯುಕ್ತವಾದ ಅಳತೆ.

ಇನ್ನು ತೊಡಕೆಂಬ ಮಾತು. ಉಪ್ಪಿಗೂ ಕುದುರೆಗೂ ‘ಸೈಂಧವ’ವೆಂದು ಹೆಸರು. ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಆಳು ಕುದುರೆಯನ್ನು ಎಳೆತರುವುದಿಲ್ಲ. ಸಂಸರ್ಗ, ಸಾಹಚರ್ಯ, ವಿರೋಧ, ಪ್ರಕರಣ, ಬೇರೊಂದು ಶಬ್ದದ ಸಾಮೀಪ್ಯ ಮೊದಲಾದವುಗಳಿಂದ ವಿವಕ್ಷಿತವಾದ ಅರ್ಥವು ನಿಲ್ಲುತ್ತದೆಂದು ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ವಿವರಿಸಿದ್ದಾನೆ. ಇಂಗ್ಲಿಷಿನ ‘ಸೌಂಡ್’ ಎಂಬುದು ನಾಲ್ಕು ಶಬ್ದಗಳ ಸಂಗಮ: ಲ್ಯಾಟಿನ್ನಿನಿಂದ ಬಂದ ಶಬ್ದ ಎಂಬರ್ಥದ್ದು ಒಂದು, ಹಳೆಯ ಇಂಗ್ಲಿಷಿನ ಆರೋಗ್ಯವಂತ ಎಂಬರ್ಥದ್ದು ಒಂದು, ಕಡಲ ಕಿರಿದಾರಿ ಎಂಬರ್ಥದ್ದು ಒಂದು, ಫ್ರೆಂಚಿನಿಂದ ಬಂದ ಆಳವನ್ನು ಅಳೆ ಎಂಬರ್ಥದ್ದು ಒಂದು. ನಾಲ್ಕೂ ಬದುಕಿವೆ, ವೈದ್ಯನೂ ನಾವಿಕನೂ ಗಾಯಕನೂ ಗೊಂದಲಕ್ಕೆ ಬೀಳುವುದಿಲ್ಲ. ಪಟ್ಟಿಯಲ್ಲಿ ಬಿಡಿಬಿಡಿಯಾಗಿ ನಿಲ್ಲಿಸಿದಾಗ ಭಯ ಹುಟ್ಟಿಸುವ ಶಬ್ದಗಳು ವಾಕ್ಯದಲ್ಲಿ ಸೌಮ್ಯವಾಗಿವೆ. ಪಟ್ಟಿಯ ಉದ್ದದಿಂದ ತೊಡಕನ್ನು ಊಹಿಸಿದುದೇ ಪ್ರಬಂಧದ ಮುಖ್ಯವಾದ ಕೊರತೆ.

ಆದರೆ ಅವು ಒಂದನ್ನೊಂದು ತಿನ್ನುತ್ತವೆಂಬ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ‘ಲೆಟ್’ ಎಂಬ ರೂಪದಲ್ಲಿ ಬಿಡು ಎಂಬ ಕ್ರಿಯಾಪದವೂ ತಡೆ ಎಂಬ ಕ್ರಿಯಾಪದವೂ ಸೇರಿಹೋದವು. ಎರಡೂ ಕ್ರಿಯಾಪದ, ಎರಡಕ್ಕೂ ಒಂದೇ ಪ್ರಕರಣ, ಅರ್ಥಗಳೋ ಪರಸ್ಪರ ವಿರುದ್ಧ. ಇಲ್ಲಿ ಪ್ರಕರಣವು ದಾರಿ ತೋರಿಸಲಾರದು. ತಡೆಯೆಂಬ ಅರ್ಥವು ಕಾನೂನಿನ ನುಡಿಗಟ್ಟೇ ಮೊದಲಾದ ಕೆಲವು ಮೂಲೆಗಳಲ್ಲಿ ಮಾತ್ರ ಉಳಿಯಿತು. ಭೂತವನ್ನು ಹಿಂಬಾಲಿಸುವ ಹ್ಯಾಮ್ಲೆಟನು ತನ್ನನ್ನು ತಡೆದವರನ್ನು ಕೊಲ್ಲುವೆನೆಂದು ಬೆದರಿಸುವಾಗ ಇದೇ ಶಬ್ದವನ್ನು ಆಡುತ್ತಾನೆ. ಟಿಪ್ಪಣಿಯಿಲ್ಲದೆ ಓದುವ ಇಂದಿನ ವಿದ್ಯಾರ್ಥಿಗೆ ಮಾತು ತಲೆಕೆಳಗಾಗಿ ತೋರುತ್ತದೆ. ಪ್ರಸಿದ್ಧವಾದ ಅರ್ಥವು ಅಪ್ರಸಿದ್ಧವಾದುದನ್ನು ಹೊಡೆದುಹಾಕುವುದಕ್ಕೆ ಆಲಂಕಾರಿಕರು ನಿಹತಾರ್ಥವೆಂಬ ದೋಷದ ಹೆಸರನ್ನು ಕೊಟ್ಟಿದ್ದಾರೆ. ಶೇಕ್ಸ್‌ಪಿಯರನ ಕಾಲದಲ್ಲಿ ಇಲ್ಲದಿದ್ದ ಈ ದೋಷವು ಕಾಲವಶದಿಂದ ಬಂದೊದಗಿತು.

ಹೀಗೆಂದು ಲೋಪವೇ ನಿಯಮವೆನ್ನುವುದೂ ತಪ್ಪು. ಹಗುರವೆಂಬ ‘ಲೈಟ್’, ತಿಳಿಬಣ್ಣವೆಂಬ ‘ಲೈಟ್’ ಎರಡೂ ಗುಣವಾಚಕಗಳು, ಒಂದೇ ಚೀಲಕ್ಕೂ ಒಂದೇ ಬಟ್ಟೆಗೂ ವಿಶೇಷಣವಾಗಬಲ್ಲವು. ಆದರೂ ಎರಡೂ ಉಳಿದಿವೆ. ಸಂದೇಹ ಬಂದೆಡೆಯಲ್ಲಿ ಬಣ್ಣವೆಂಬ ಮಾತನ್ನು ಜೊತೆಗೆ ಸೇರಿಸುತ್ತಾರೆ. ಕನ್ನಡದಲ್ಲಿಯೂ ಹೀಗೆಯೇ. ಕೂಗು ಎಂಬರ್ಥದ ‘ಕರೆ’, ಹಾಲು ಹಿಂಡು ಎಂಬರ್ಥದ ‘ಕಱೆ’ ಹಳಗನ್ನಡದಲ್ಲಿ ಬೇರೆಯಾಗಿದ್ದವು. ಶಕಟರೇಫವು ಹೋದ ಮೇಲೆ ಹಸುವನ್ನು ಕರೆ ಎಂಬ ಮಾತಿಗೆ ಎರಡು ಅರ್ಥಗಳಾದವು. ಎರಡು ಶಬ್ದಗಳೂ ಸಾಯಲಿಲ್ಲ. ಹಾಲು ಕರೆ ಎಂದು ಸೇರಿಸಿ ಹೇಳಿದರೆ ಸಂದೇಹವು ತೀರಿತು. ಬೇರೊಂದು ಶಬ್ದದ ಸಾಮೀಪ್ಯವೆಂದರೆ ಇದೇ. ಭಾಷೆಯು ಒಂದು ಶಬ್ದವನ್ನು ಕೈಬಿಡಬಹುದು, ಊರುಗೋಲು ಕೊಟ್ಟು ನಡೆಸಲೂಬಹುದು. ಬ್ರಿಜಸರು ಮೊದಲನೆಯ ಉಪಾಯಕ್ಕೆ ಕೊಟ್ಟಷ್ಟು ಗಮನವನ್ನು ಎರಡನೆಯದಕ್ಕೆ ಕೊಡಲಿಲ್ಲ.

ಉಚ್ಚಾರಣಕೋಶದ ಮೇಲಣ ಆಕ್ಷೇಪವೂ ನಿಲ್ಲುವುದಿಲ್ಲ. ದಕ್ಷಿಣ ಇಂಗ್ಲೆಂಡಿನ ಬಾಯಲ್ಲಿ ಸ್ವರದ ಮುಂದಿನ ರಕಾರವು ವ್ಯಂಜನ ಬಂದಾಗ ಲೋಪವಾಗಿ, ಒಡೆಯನೆಂಬ ‘ಲಾರ್ಡ್’ ಹೊಗಳು ಎಂಬ ‘ಲಾಡ್’ ಆಯಿತು. ಸ್ಕಾಟ್ಲೆಂಡಿನವರ ಬಾಯಲ್ಲಿ ರಕಾರವು ಉಳಿದಿದೆ. ಆದರೆ ಕೋಶಕಾರನು ಬರೆದುಕೊಂಡವನೇ ಹೊರತು ಮಾಡಿದವನಲ್ಲ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಱಕಾರ ೞಕಾರಗಳ ಭೇದವನ್ನು ಎಷ್ಟು ಕಟ್ಟುನಿಟ್ಟಾಗಿ ಹೇಳಿದರೂ ನಾಲಗೆಯು ಕೇಳಲಿಲ್ಲ.

ಕಾವ್ಯದ ವಿಷಯದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಜಾನ್ಸನ್ನನು 1765ರ ತನ್ನ ಶೇಕ್ಸ್‌ಪಿಯರ್ ಪೀಠಿಕೆಯಲ್ಲಿ ದ್ವ್ಯರ್ಥದ ಮಾತನ್ನು ಕವಿಯ ಪಾಲಿನ ಕ್ಲಿಯೋಪಾತ್ರಳೆಂದು ನಿಂದಿಸಿದನು. ರೋಮಿಯೋ ಜೂಲಿಯೆಟ್ ನಾಟಕದ ಮೂರನೆಯ ಅಂಕದಲ್ಲಿ ಇರಿತಕ್ಕೆ ಸಿಕ್ಕಿ ಸಾಯುತ್ತಿರುವ ಮರ್ಕ್ಯೂಷಿಯೋ, ನಾಳೆ ತಾನು ‘ಗ್ರೇವ್’ ಆಗಿರುವೆನೆಂಬ ಭಾವದ ಮಾತನ್ನಾಡುತ್ತಾನೆ. ಗೋರಿಯೆಂಬ ಶಬ್ದವು ಹಳೆಯ ಇಂಗ್ಲಿಷಿನದು, ಗಂಭೀರವೆಂಬುದು ಲ್ಯಾಟಿನ್ ಮೂಲದ್ದು. ಜೀವಮಾನವೆಲ್ಲ ಪರಿಹಾಸದಲ್ಲಿ ಕಳೆದವನು ಸತ್ತ ಮೇಲಲ್ಲದೆ ಗಂಭೀರನಾಗಲಾರನೆಂಬ ಇಡಿಯ ಪಾತ್ರದ ತಿರುಳು ಆ ಒಂದು ಶಬ್ದದಲ್ಲಿದೆ. ಪರ್ಯಾಯಪದವನ್ನಿಟ್ಟರೆ ಅಲಂಕಾರವು ನಿಲ್ಲದಿದ್ದಲ್ಲಿ ಅದು ಶಬ್ದಶ್ಲೇಷವೆಂದು ಮಮ್ಮಟನ ನಿರ್ಣಯ. ಇಲ್ಲಿ ಅಲಂಕಾರದೊಡನೆ ಪಾತ್ರದ ಸಾವಿನ ಕರುಣವೂ ಹೋಗುತ್ತದೆ. ಎರಡರ್ಥಕ್ಕೂ ಸಲ್ಲುವ ಒಂದು ಮಾತು ದೊರೆಯದ ಕನ್ನಡದ ಅನುವಾದಕನು ಮೊದಲು ಎದುರಿಸಬೇಕಾದ ನಷ್ಟವೂ ಇದೇ. ಇಂಗ್ಲಿಷಿನಿಂದ ಸಮೋಚ್ಚಾರಣಗಳನ್ನು ನಿರ್ಮೂಲ ಮಾಡಿದ್ದರೆ ಈ ಸಾವು ಬರಿಯ ಸಾವಾಗುತ್ತಿತ್ತು.

ಸಂದಿಗ್ಧವನ್ನು ದೋಷಗಳಲ್ಲಿಯೂ ಶ್ಲೇಷವನ್ನು ಅಲಂಕಾರಗಳಲ್ಲಿಯೂ ಎಣಿಸಿದ ಶಾಸ್ತ್ರವು ಒಂದೇ. ಸಮಾನರೂಪವು ತಾನಾಗಿ ದೋಷವೂ ಅಲ್ಲ, ಗುಣವೂ ಅಲ್ಲ. ವಕ್ತೃವಿನ ವಿವಕ್ಷೆಗೆ ಅಡ್ಡಬಂದರೆ ದೋಷ, ವಿವಕ್ಷೆಗೇ ಒದಗಿದರೆ ಅಲಂಕಾರ. ಬ್ರಿಜಸರ ಪಟ್ಟಿಯು ಅಧ್ಯಾಪಕರಿಗೆ ಇಂದಿಗೂ ಉಪಕಾರಿಯೇ. ಆದರೆ ಪ್ರತಿಯೊಂದು ಜೋಡಿಯನ್ನೂ ವಾಕ್ಯದಲ್ಲಿಟ್ಟು ಕಲಿಸಿದರೆ ಮಾತ್ರ ಅದು ಸಾರ್ಥಕವಾಗುವುದು.