ಹಿರಿಯ ಮಗನನ್ನು ಮರೆಯುವ ಪ್ರಸಂಗಗಳು

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿರುವ ತಪ್ಪಿಹೋದ ಮಗನ ಸಾಮ್ಯವನ್ನು ಕೇಳದವರು ಕಡಿಮೆ. ಆಸ್ತಿಯಲ್ಲಿ ಪಾಲು ಪಡೆದು ದೂರದೇಶಕ್ಕೆ ಹೋದ ಕಿರಿಯ ಮಗ ಎಲ್ಲವನ್ನೂ ಹಾಳುಮಾಡಿ, ಹಂದಿ ಕಾಯ್ದು, ಹಸಿದು ಮನೆಗೆ ಮರಳುತ್ತಾನೆ. ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ. ನಾವು ಕೇಳಿದ ಅನೇಕ ಪ್ರಸಂಗಗಳು ಇಲ್ಲಿಗೇ ನಿಲ್ಲುತ್ತವೆ. ಸುವಾರ್ತೆ ನಿಲ್ಲುವುದಿಲ್ಲ.

ಪ್ರಸಂಗಕ್ಕೆ ಸಿದ್ಧರಾಗುವವರು ಮೊದಲು ನೋಡಬೇಕಾದುದು, ಈ ಕಥೆಯನ್ನು ಯಾರಿಗೆ ಹೇಳಲಾಯಿತು ಎಂಬುದನ್ನು. ಯೇಸು ಪಾಪಿಗಳೊಡನೆ ಊಟಮಾಡುತ್ತಾನೆಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದರೆಂದು ಅಧ್ಯಾಯದ ಆರಂಭವೇ ತಿಳಿಸುತ್ತದೆ. ಕಥೆ ಆ ಗೊಣಗಾಟಕ್ಕೆ ಉತ್ತರ. 1969ರ ಕಥೋಲಿಕ ವಾಚನಕ್ರಮವು ತಪಸ್ಸುಕಾಲದ ಭಾನುವಾರವೊಂದಕ್ಕೆ ಈ ಸಾಮ್ಯವನ್ನು ಗೊತ್ತುಮಾಡುವಾಗ ನಡುವಿನ ಎರಡು ಸಾಮ್ಯಗಳನ್ನು ಬಿಟ್ಟರೂ ಆರಂಭದ ಈ ವಚನಗಳನ್ನು ಬಿಟ್ಟಿಲ್ಲ. ಗೊಣಗುವವನು ಕಥೆಯೊಳಗೂ ಇದ್ದಾನೆ. 25ನೆಯ ವಚನದಲ್ಲಿ ಹೊಲದಿಂದ ಬರುವ ಹಿರಿಯ ಮಗನೇ ಅವನು.

ಇನ್ನು ಇವರಾಡುವ ಮಾತುಗಳನ್ನು ನೋಡೋಣ. ಕಿರಿಯನು ತಂದೆಯೊಡನೆ ಮಾತಾಡುವಾಗಲೆಲ್ಲ ‘ಅಪ್ಪಾ’ ಎಂದೇ ಆರಂಭಿಸುತ್ತಾನೆ. ಮನೆಯಲ್ಲೇ ದುಡಿದ ಹಿರಿಯನು ಒಮ್ಮೆಯೂ ಹಾಗೆ ಕರೆಯುವುದಿಲ್ಲ. ಬಂದವನನ್ನು ‘ನಿನ್ನ ಮಗ’ ಎಂದು ದೂರ ತಳ್ಳುತ್ತಾನೆ. ತಂದೆ ಅವನನ್ನು ಮಗುವೇ ಎಂದು ಕರೆದು, ಬಂದವನು ‘ನಿನ್ನ ತಮ್ಮ’ ಎಂದು ನೆನಪಿಸುತ್ತಾನೆ. ಗ್ರೀಕ್ ಮೂಲದ ‘ಅದೆಲ್ಫೊಸ್’ ಅಣ್ಣನಿಗೂ ಸಲ್ಲುತ್ತದೆ, ತಮ್ಮನಿಗೂ ಸಲ್ಲುತ್ತದೆ. ನಮ್ಮ ಮನೆಮಾತು ಹಾಗಲ್ಲ. ‘ತಮ್ಮ’ ಎಂದೊಡನೆ ಕೇಳುವವನು ಅಣ್ಣನಾಗುತ್ತಾನೆ, ಅಣ್ಣನ ಹೊಣೆಯೂ ಅವನದಾಗುತ್ತದೆ. ಕನ್ನಡದಲ್ಲಿ ಪ್ರಸಂಗ ಮಾಡುವವರು ಇದನ್ನು ಬಳಸಿಕೊಳ್ಳದಿರುವುದು ನಷ್ಟವೇ ಸರಿ.

ಊರು ಬಿಟ್ಟು ಬಂದ ನಮಗೆ ಕಿರಿಯನ ಪಾಡು ಬೇಗ ತಟ್ಟುತ್ತದೆ. ಹೊಲಮನೆಗಳನ್ನೂ ವಯಸ್ಸಾದ ತಂದೆತಾಯಿಗಳನ್ನೂ ನೋಡಿಕೊಂಡು ಊರಲ್ಲೇ ಉಳಿದ ಅಣ್ಣನ ದೂರು ಅಷ್ಟು ಬೇಗ ಕಿವಿಗೆ ಬೀಳುವುದಿಲ್ಲ. ಆದರೆ ಕಥೆಯ ತಂದೆ ಆ ದೂರನ್ನೂ ಕೇಳುತ್ತಾನೆ. ಅವನ ದುಡಿಮೆಯನ್ನು ಅಲ್ಲಗಳೆಯದೆ, ತನ್ನದೆಲ್ಲವೂ ಅವನದೇ ಎನ್ನುತ್ತಾನೆ. ಅವನು ಮನೆಯಿಂದ ಹೊರಗೆ ಬಂದದ್ದು ಎರಡು ಸಲ: ಒಮ್ಮೆ ಮರಳಿ ಬಂದವನಿಗಾಗಿ, ಇನ್ನೊಮ್ಮೆ ಒಳಗೆ ಬರಲೊಲ್ಲದವನಿಗಾಗಿ. ಎರಡನೆಯದನ್ನು ಬಿಟ್ಟ ಪ್ರಸಂಗವು ತಂದೆಯ ಪ್ರೀತಿಯ ಅರ್ಧವನ್ನಷ್ಟೇ ಹೇಳಿದಂತಾಗುತ್ತದೆ.

ಅಣ್ಣ ಕೊನೆಗೆ ಒಳಗೆ ಹೋದನೇ? ಲೂಕನು ಹೇಳುವುದಿಲ್ಲ. ಪ್ರಸಂಗಿಗಳೂ ಹೇಳುವುದು ಬೇಡ. ಆ ಪ್ರಶ್ನೆಯನ್ನು ಹೊತ್ತುಕೊಂಡು ಸಭೆ ಮನೆಗೆ ಹೋಗಲಿ.