ಸಕ್ಕರೆ ಅಚ್ಚು: ಚಳಿಗಾಲ ಕಟ್ಟಿಕೊಡುವ ಸಿಹಿ

ಸಕ್ಕರೆ ಅಚ್ಚು ಸಂಕ್ರಾಂತಿಯ ಸಿಹಿ. ಜನವರಿ ಹುಟ್ಟುತ್ತಲೇ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಅಂಗಡಿಗಳಲ್ಲಿ ಎಳ್ಳು, ಹೆಚ್ಚಿದ ಕೊಬ್ಬರಿ, ಬೆಲ್ಲ, ಹುರಿಗಡಲೆಯ ಪಕ್ಕ ಅದೂ ಬಂದು ಕೂರುತ್ತದೆ. ಎಳ್ಳು ಬೀರುವ ತಟ್ಟೆಯಲ್ಲಿ ಕಬ್ಬಿನ ತುಂಡು, ಬಾಳೆಹಣ್ಣಿನ ಜೊತೆ ಒಂದೆರಡು ಅಚ್ಚು ಇರಲೇಬೇಕು. ಉತ್ತರ ಕರ್ನಾಟಕದಲ್ಲಿ ಇದೇ ಬಗೆಯ ಸಕ್ಕರೆ ಗೊಂಬೆಗಳು ದೀಪಾವಳಿಯ ನಂತರದ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿಯಾಗುತ್ತವೆ.

ಆಕಾರಗಳಲ್ಲಿ ಹೆಚ್ಚಿನವು ಪ್ರಕೃತಿಯವೇ: ಗಿಳಿ, ನವಿಲು, ಮೀನು, ಹಸು, ಆನೆ, ಮಾವು, ಗೋಡಂಬಿ, ಹೂವು. ಇವುಗಳ ನಡುವೆ ತುಳಸಿ ಬೃಂದಾವನ, ಕಳಶ, ಗೋಪುರ.

ಮಾಡುವ ಕ್ರಮ ಸರಳ, ಹದ ಕಷ್ಟ. ಮರದ ಅಚ್ಚುಗಳನ್ನು ಮೊದಲೇ ನೀರಿನಲ್ಲಿ ನೆನೆಸಿ, ಹೋಳುಗಳನ್ನು ಜೋಡಿಸಿ ದಾರ ಅಥವಾ ರಬ್ಬರ್ ಬ್ಯಾಂಡಿನಿಂದ ಬಿಗಿಯುತ್ತಾರೆ. ಮರ ಒದ್ದೆಯಿದ್ದರೆ ಪಾಕ ಅಂಟುವುದಿಲ್ಲ. ಸಕ್ಕರೆ ಮುಳುಗುವಷ್ಟು ನೀರು ಹಾಕಿ ಕುದಿಸಿ, ತುಸು ಹಾಲು ಬಿಡುತ್ತಾರೆ. ಒಡೆದ ಹಾಲು ಕೊಳೆಯನ್ನು ಹಿಡಿದು ಮೇಲೆ ತರುತ್ತದೆ. ಅದನ್ನು ತೆಗೆದು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸ್ವಲ್ಪವೇ ಪಾಕ ಕಾಯಿಸಿ, ಹದ ಬಂದಾಗ ಪಾತ್ರೆಯ ಬದಿಗೆ ಉಜ್ಜುತ್ತಾರೆ. ಉಜ್ಜಿದಷ್ಟೂ ಹರಳು ಸಣ್ಣದಾಗಿ ಪಾಕ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಕ್ಷಣವೇ ಸುರಿಯಬೇಕು. ತಡವಾದರೆ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಆಗ ನೀರು ಬೆರೆಸಿ ಮತ್ತೆ ಕಾಯಿಸುವುದೇ ದಾರಿ. ಆರಿದ ಮೇಲೆ ಅಚ್ಚು ಬಿಚ್ಚಿ, ಅಂಚಿನ ಹೆಚ್ಚುವರಿ ಸಕ್ಕರೆಯನ್ನು ಹೆರೆದರೆ ಗಿಳಿ ಸಿದ್ಧ.

ಈ ಕೆಲಸಕ್ಕೆ ಚಳಿಗಾಲದ ಒಣ ಹವೆ ಅನುಕೂಲ. ಸಕ್ಕರೆ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದ ಅಚ್ಚು ಬೇಗ ಜಿಗುಟಾಗುತ್ತದೆ. ಕಬ್ಬು ಕಟಾವಿನ ಕಾಲವೂ ಚಳಿಗಾಲವೇ.

ಅಚ್ಚಿನಲ್ಲಿ ಮೂಡುವ ಸಕ್ಕರೆ ಸಿಹಿ ಬೇರೆಡೆಯೂ ಇದೆ. ಜಪಾನಿನ ವಾಗಾಶಿ ಎಂಬ ಸಾಂಪ್ರದಾಯಿಕ ಸಿಹಿಗಳಲ್ಲಿ ಸಕ್ಕರೆ ಅಚ್ಚಿಗೆ ಹತ್ತಿರದ್ದು ಹಿಗಾಶಿ ಎಂಬ ಒಣ ಬಗೆ. ವಾಸನ್‌ಬೋನ್ ಎಂಬ ನಯವಾದ ಸಕ್ಕರೆಯನ್ನು ತುಸು ತೇವ ಮಾಡಿ ಮರದ ಅಚ್ಚಿಗೆ ಒತ್ತಿ ಅದನ್ನು ಮಾಡುತ್ತಾರೆ. ಚಹಾ ಸಮಾರಂಭದಲ್ಲಿ ಬಡಿಸುತ್ತಾರೆ. ಅಲ್ಲಿ ವಸಂತಕ್ಕೆ ಚೆರ್ರಿ ಹೂ, ಶರತ್ತಿಗೆ ಮೇಪಲ್ ಎಲೆ ಎಂದು ಋತುವಿಗೆ ತಕ್ಕಂತೆ ಆಕಾರ ಬದಲಾಗುತ್ತದೆ. ನಮ್ಮಲ್ಲಿ ಆಕಾರಗಳು ಬದಲಾಗುವುದಿಲ್ಲ, ಸಿಹಿಯೇ ಋತುವಿಗೆ ಕಾದು ಬರುತ್ತದೆ.

ಒಳ್ಳೆಯ ಅಚ್ಚನ್ನು ಗುರುತಿಸಲು ಗಿಳಿಯ ರೆಕ್ಕೆಯ ಗೆರೆ ನೋಡಿದರೆ ಸಾಕು. ಹದ ಸರಿಯಿದ್ದರೆ ಗೆರೆಗಳು ಸ್ಪಷ್ಟ, ಮೈ ನುಣುಪು, ಬಾಯಲ್ಲಿ ಮರಳುಮರಳಾಗದೆ ಕರಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಬಹಳ ದಿನ ಕೆಡುವುದಿಲ್ಲ. ಹಬ್ಬದ ನಂತರ ಉಳಿದದ್ದು ಹಾಲಿಗೋ ಪಾಯಸಕ್ಕೋ ಸಕ್ಕರೆಯಾಗುತ್ತದೆ.